ಮಂಡಿಗೆ ಸೂಜಿ, ಮಾನಕ್ಕೆ ಕಸರತ್ತು

ನಗುವುದಕ್ಕಾಗಿ ನಾನು ಎಲ್ಲಿಗೂ ಹೋಗಬೇಕಾಗಿಲ್ಲ. ಜನ ಮಂಡಿ ಹಿಡಿದುಕೊಂಡು ನಾನಿರುವಲ್ಲಿಗೇ ಬರುತ್ತಾರೆ. ಇನ್ನೊಬ್ಬರ ನೋವಿಗೆ ನಗಬಾರದು ಅನ್ನುವುದು ನನಗೂ ಗೊತ್ತು. ಆದರೆ ನೋವಿನ ಜೊತೆಗೆ ಅವರು ಹೊತ್ತು ತರುವ ಉಪಾಯಗಳಿಗೆ ನಗದೆ ಇರುವುದು ನನ್ನಿಂದ ಆಗುವುದಿಲ್ಲ.

ಹಾಸನದಲ್ಲಿ ನಾನು ಫಿಸಿಯೋಥೆರಪಿಸ್ಟ್. ಈ ಹೆಸರು ನಮ್ಮ ಕಡೆ ಯಾರ ನಾಲಗೆಯ ಮೇಲೂ ನಿಲ್ಲದೆ ಇರುವುದರಿಂದ ಎಲ್ಲರಿಗೂ ನಾನು ಕಸರತ್ತು ಮೇಷ್ಟ್ರು. ಮೂಳೆ ಡಾಕ್ಟರೊಬ್ಬರ ಜೊತೆ ನನ್ನ ಕೆಲಸ. ಹಾಸನದಲ್ಲಿ ಅವರ ಕ್ಲಿನಿಕ್ಕು. ಮಂಗಳವಾರ ಹೊಳೆನರಸೀಪುರ, ಗುರುವಾರ ಅರಕಲಗೂಡು, ಶನಿವಾರ ಚನ್ನರಾಯಪಟ್ಟಣಕ್ಕೆ ಅವರ ಕಾರಿನಲ್ಲೇ ಇಬ್ಬರೂ ಹೋಗಿಬರುತ್ತೇವೆ. ಸೂಜಿ ಅವರದು, ಕಸರತ್ತು ನನ್ನದು.

ಮಂಡಿಯೊಳಕ್ಕೆ ಹಾಕುವ ಆ ಇಂಜೆಕ್ಷನ್ ನೋವನ್ನು ಸ್ವಲ್ಪ ಕಾಲ ಸುಮ್ಮನಿರಿಸುತ್ತದೆ. ಅದು ಸುಮ್ಮನಿರುವಾಗಲೇ ಕಸರತ್ತು ಮಾಡಿ ತೊಡೆಯ ಸ್ನಾಯು ಗಟ್ಟಿ ಮಾಡಿಕೊಂಡರೆ ಮಂಡಿ ಬಹಳ ದಿನ ಹೇಳಿದ ಮಾತು ಕೇಳುತ್ತದೆ. ಎರಡೂ ಸೇರಿದರೇ ಚಿಕಿತ್ಸೆ. ಡಾಕ್ಟರು ಇದನ್ನು ಬಂದವರಿಗೆಲ್ಲ ಬಿಡಿಸಿ ಹೇಳುತ್ತಾರೆ, ಬಂದವರೆಲ್ಲ ಭಕ್ತಿಯಿಂದ ತಲೆಯಾಡಿಸುತ್ತಾರೆ. ಆಮೇಲೆ ಸೂಜಿ ಹಾಕಿಸಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ನನ್ನ ಕೋಣೆಯ ಬಾಗಿಲ ಕಡೆ ಕಣ್ಣೂ ಹಾಯಿಸದೆ ನೇರ ಬಸ್ ಸ್ಟ್ಯಾಂಡಿಗೆ ನಡೆಯುತ್ತಾರೆ. ಒಬ್ಬಾತನನ್ನು ತಡೆದು ಕೇಳಿದ್ದಕ್ಕೆ, ‘ಜಮೀನಲ್ಲಿ ಗೇಯೋದು ಸಾಲ್ದು ಅಂತ ಇಲ್ಲೂ ಬಂದು ಗೇಯ್ಬೇಕಾ ಸಾ?’ ಅಂದ. ಅವನ ಲೆಕ್ಕದಲ್ಲಿ ಡಾಕ್ಟರು ಕೊಡುವುದು ಔಷಧಿ, ನಾನು ಕೊಡುವುದು ಕೂಲಿ ಕೆಲಸ.

ಕೊನೆಗೆ ಡಾಕ್ಟರು ಒಂದು ಕಟ್ಟಳೆ ಮಾಡಿದರು. ಮೊದಲು ನನ್ನ ಕೋಣೆ, ಆಮೇಲೆ ಸೂಜಿ. ಸೂಜಿಯಾದ ಮೇಲೂ ವಾರಕ್ಕೊಮ್ಮೆ ನನ್ನ ಕೋಣೆ. ಕಾಲು ನೀಡಿ ತೊಡೆ ಬಿಗಿ ಮಾಡಿಸುವಾಗ ನಾನು ಒಂದು ರಾಗದಲ್ಲಿ ‘ಬಿಗೀ... ಹಿಡೀ... ಬಿಡೀ’ ಅನ್ನುತ್ತೇನೆ. ಈ ರಾಗ ಈಗ ನಾಲ್ಕು ಊರಿನಲ್ಲೂ ಎಷ್ಟು ಹೆಸರಾಗಿದೆ ಅಂದರೆ, ನಾನು ಸಂತೆಯಲ್ಲಿ ತರಕಾರಿ ತೆಗೆದುಕೊಳ್ಳುತ್ತಿದ್ದರೆ ಹಿಂದಿನಿಂದ ಯಾರೋ ‘ಬಿಗೀ’ ಅಂದು ಮರೆಯಾಗುತ್ತಾರೆ.

ಸೂಜಿ ಅತ್ತೆಗೆ, ಕಸರತ್ತು ಸೊಸೆಗೆ

ಹೊಳೆನರಸೀಪುರಕ್ಕೆ ಅತ್ತೆ ಸೊಸೆ ಜೋಡಿಯೊಂದು ಬಂತು. ಮಂಡಿನೋವು ಅತ್ತೆಗೆ. ದಪ್ಪ ಬೊಟ್ಟು, ಗಟ್ಟಿ ಗಂಟಲು, ಮನೆಯ ಬೀಗದ ಕೈ ಇನ್ನೂ ಸೊಂಟದಲ್ಲೇ ಇರುವ ಹೆಂಗಸು. ಮೇಜು ಹತ್ತಿ ಮಲಗಿ ಅಜ್ಜಿ ಅಂದೆ. ಅಜ್ಜಿ ಸೊಸೆಯ ಬೆನ್ನಿಗೆ ಕೈ ಕೊಟ್ಟು ಮೇಜಿನ ಕಡೆ ತಳ್ಳಿ, ‘ಅತ್ತಮ್ಮಿ ಮೇಲಕ್ಕೆ’ ಅಂದರು.

ನೋವು ನಿಮಗಲ್ಲವಾ ಅಂತ ಕೇಳಿದೆ. ಅಜ್ಜಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಆ ಮನೆಗೆ ಸೊಸೆ ಬಂದ ದಿನದಿಂದ ಬಗ್ಗುವ, ಏಳುವ, ಎತ್ತುವ ಕೆಲಸವೆಲ್ಲ ಸೊಸೆಯದೇ ಅಂತ ತೀರ್ಮಾನವಾಗಿತ್ತಂತೆ. ಕಸರತ್ತು ಅದರಲ್ಲಿ ಹೇಗೆ ಬರುವುದಿಲ್ಲ ಅನ್ನುವುದು ಅವರಿಗೆ ಹೊಳೆಯಲಿಲ್ಲ.

‘ಸೂಜಿ ನಾನೇ ಹಾಕಿಸ್ಕತೀನಿ ಕಣಪ್ಪ, ಅದ್ರಲ್ಲಿ ಮೋಸ ಇಲ್ಲ. ಕಸರತ್ತು ಇವ್ಳು ಮಾಡ್ತಾಳೆ. ಇವ್ಳು ಯಾವ್ ಕೆಲ್ಸ ಯೋಳಿದ್ರೂ ಅಚ್ಚುಕಟ್ಟು’ ಅಂದರು. ಸೊಸೆಯನ್ನು ಅವರು ಹೊಗಳಿದ್ದು ಅದೇ ಮೊದಲಿರಬೇಕು, ಆಕೆಯ ಮುಖ ಅರಳಿ ಹೋಯಿತು.

ನಾನು ಹಟ ಹಿಡಿದು ಅಜ್ಜಿಯಿಂದಲೇ ಒಂದು ಸುತ್ತು ಮಾಡಿಸಿದೆ. ಮುಂದಿನ ವಾರ ಬಂದಾಗ ದಿನಾ ಮಾಡಿದಿರಾ ಅಂದರೆ, ಒಂದು ದಿನವೂ ತಪ್ಪಿಸಿಲ್ಲ ಅಂತ ಎದೆ ತಟ್ಟಿಕೊಂಡರು. ಅನುಮಾನ ಬಂದು ಸೊಸೆಯ ಕಡೆ ನೋಡಿದೆ. ನಿಜ ಸಂಗತಿ ಏನೆಂದರೆ, ದಿನಾ ಬೆಳಿಗ್ಗೆ ಜಗಲಿಯಲ್ಲಿ ಸೊಸೆ ಕಾಲು ನೀಡಿ ಕೂತು ಕಸರತ್ತು ಮಾಡುತ್ತಿದ್ದಳು. ಅತ್ತೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಕಾಫಿ ಕುಡಿಯುತ್ತಾ, ನನ್ನದೇ ರಾಗದಲ್ಲಿ ‘ಬಿಗೀ... ಹಿಡೀ... ಬಿಡೀ’ ಅನ್ನುತ್ತಿದ್ದರು. ಬಿಡೀ ಅನ್ನುವುದನ್ನು ಕೆಲವು ಸಲ ಬೇಕಂತಲೇ ಮರೆಯುತ್ತಿದ್ದರಂತೆ.

ಇದಾದ ಕೆಲವು ತಿಂಗಳಿಗೆ ಅದೇ ಜೋಡಿ ಮತ್ತೆ ಬಂತು. ಈ ಸಲ ಕುಂಟುತ್ತಿದ್ದವಳು ಸೊಸೆ. ಅತ್ತೆ ಹಿಂದೆ ಗಂಭೀರವಾಗಿ ಬರುತ್ತಿದ್ದರು. ಏನಾಯಿತಮ್ಮ ಅಂದೆ. ಬಚ್ಚಲ ಹತ್ತಿರ ಕಾಲು ಜಾರಿ ಮಂಡಿ ಊದಿಕೊಂಡಿದೆ, ಡಾಕ್ಟರನ್ನು ಕಾಣಬೇಕು ಅಂದಳು. ಆಮೇಲೆ ಸೆರಗು ಸರಿ ಮಾಡಿಕೊಂಡು, ತುಂಬಾ ವಿನಯದಿಂದ, ‘ಈ ಸಲ ಸೂಜಿ ನಂಗೆ ಸಾ. ಕಸರತ್ತು ಅತ್ತೆಮ್ಮ ಮಾಡ್ತಾರೆ’ ಅಂದಳು.

ಆ ಊತಕ್ಕೆ ಸೂಜಿಯೇನೂ ಬೇಕಾಗಲಿಲ್ಲ, ಐಸು ಮತ್ತು ವಿಶ್ರಾಂತಿ ಸಾಕಾಯಿತು. ಆದರೆ ಸೊಸೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಜ್ಜಿ ಬೈದುಕೊಳ್ಳುತ್ತಲೇ ಮೇಜು ಹತ್ತಿ ಮಲಗಿದರು. ಸೊಸೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ನಾನು ಬಾಯಿ ತೆರೆಯುವ ಮೊದಲೇ, ‘ಬಿಗೀ’ ಅಂದಳು.

ರಾಗಿ ಗಂಟು

ಅರಕಲಗೂಡಿನ ಹತ್ತಿರದ ಹಳ್ಳಿಯ ಒಬ್ಬ ಯಜಮಾನರಿಗೆ ಸೂಜಿ ಆದ ಮೇಲೆ ಕಾಲಿಗೆ ತೂಕ ಕಟ್ಟಿ ಎತ್ತುವ ಕಸರತ್ತು ಹೇಳಿಕೊಟ್ಟೆ. ಆಸ್ಪತ್ರೆಯಲ್ಲಿ ಅದಕ್ಕೆ ಮರಳಿನ ಪಟ್ಟಿ ಇದೆ. ಮನೆಯಲ್ಲಿ ಯಾವುದಾದರೂ ಬಟ್ಟೆಯಲ್ಲಿ ಗಂಟು ಹಾಕಿ ಪಾದದ ಮೇಲೆ ಕಟ್ಟಿಕೊಳ್ಳಿ, ಕುರ್ಚಿ ಮೇಲೆ ಕೂತು ಕಾಲು ನಿಧಾನಕ್ಕೆ ಎತ್ತಿ ಇಳಿಸಿ ಅಂದೆ. ಮರಳು ತುಂಬಿ ಅಂತ ಹೇಳಲು ಮರೆತಿರಲಿಲ್ಲ. ಆದರೆ ಕಣಜದಲ್ಲಿ ರಾಗಿ ಇರುವಾಗ ಮರಳಿಗೆ ಯಾರು ಹೋಗುತ್ತಾರೆ?

ಯಜಮಾನರು ಹಿತ್ತಲಲ್ಲಿ ಬಿಸಿಲು ಕಾಯಿಸುತ್ತಾ, ಹಳೇ ಪಂಚೆಯ ತುಂಡಿನಲ್ಲಿ ರಾಗಿ ಗಂಟು ಕಟ್ಟಿ ಕಾಲಿಗೆ ಬಿಗಿದುಕೊಂಡು ಕೂತಿದ್ದಾರೆ. ಪಂಚೆ ಹಳೆಯದು, ಅಲ್ಲಲ್ಲಿ ತೂತು. ಕಾಲು ಮೇಲೆತ್ತಿದಾಗಲೆಲ್ಲ ನಾಲ್ಕು ಕಾಳು ರಾಗಿ ಉದುರಿದೆ. ಮನೆಯ ಕೋಳಿಗಳು ಬಂದಿವೆ. ಯಜಮಾನರು ಅವನ್ನು ಓಡಿಸಲು ಕಾಲು ಜಾಡಿಸಿದ್ದಾರೆ. ಜಾಡಿಸಿದಷ್ಟೂ ರಾಗಿ ಉದುರಿದೆ, ಉದುರಿದಷ್ಟೂ ಪಕ್ಕದ ಮನೆಯ ಕೋಳಿಗಳೂ ಬೇಲಿ ನುಸುಳಿ ಬಂದಿವೆ. ಕೊನೆಗೆ ಒಂದು ಹುಂಜ ಪಾದದ ಮೇಲೇ ಹತ್ತಿ ನಿಂತು ಗಂಟನ್ನು ಕುಟುಕತೊಡಗಿದಾಗ, ಇವರು ಹುಂಜದ ಸಮೇತ ಕಾಲು ಎತ್ತಿದ್ದಾರೆ.

ಮಾರನೆ ದಿನ ಇವರು ಕುರ್ಚಿ ತಂದು ಹಾಕುವ ಮೊದಲೇ ಕೋಳಿಗಳೆಲ್ಲ ಬಂದು ಸುತ್ತ ನಿಂತಿದ್ದವಂತೆ. ಕಸರತ್ತು ತಪ್ಪಿಸೋಣ ಅಂತ ಒಳಗೆ ಕೂತರೆ ಹುಂಜ ಹೊಸ್ತಿಲ ಮೇಲೆ ಬಂದು ಕೂಗುತ್ತಿತ್ತಂತೆ.

ನನ್ನ ಕೋಣೆಗೆ ಬಂದಾಗ ತೊಡೆ ಮುಟ್ಟಿ ನೋಡಿದೆ. ನಮ್ಮ ನಾಲ್ಕು ಊರಿನಲ್ಲಿ ಯಾರದ್ದೂ ಅಷ್ಟು ಗಟ್ಟಿಯಾಗಿರಲಿಲ್ಲ. ನಿಮ್ಮಷ್ಟು ಶ್ರದ್ಧೆ ಯಾರಿಗೂ ಇಲ್ಲ ಯಜಮಾನರೇ ಅಂತ ಬಾಯಿ ತುಂಬ ಹೊಗಳಿದೆ.

‘ನಂದೇನೈತೆ ಸಾ ಅದ್ರಲ್ಲಿ, ಎಲ್ಲಾ ಉಂಜ ಮಾಡ್ಸದು’ ಅಂದರು.

ಇಗರ್ಜಿ ನೋಡುವ ಗೌಡರು

ಅದೇ ಅರಕಲಗೂಡಿಗೆ ಒಂದು ಗುರುವಾರ ಹಿರೀಸಾವೆ ಕಡೆಯ ಗೌಡರೊಬ್ಬರು ಬಂದರು. ಬಿಳೀ ಪಂಚೆ, ಬಿಳೀ ಅಂಗಿ, ತಲೆಗೆ ಮಫ್ಲರ್ ಸುತ್ತಿ ಕಣ್ಣು ಮಾತ್ರ ಬಿಟ್ಟುಕೊಂಡಿದ್ದರು. ಹಿರೀಸಾವೆಯಿಂದ ಚನ್ನರಾಯಪಟ್ಟಣವೇ ಹತ್ತಿರ, ಶನಿವಾರ ಅಲ್ಲಿಗೇ ಬರುತ್ತೇವಲ್ಲ, ಇಷ್ಟು ದೂರ ಯಾಕೆ ಬಂದಿರಿ ಅಂದೆ. ಅವರು ಬಾಗಿಲು ಮುಚ್ಚಿ ಬಂದು ಕೂತರು.

ಸಂಗತಿ ಇಷ್ಟು. ಅವರಿಗೆ ಒಬ್ಬಳೇ ಮಗಳು. ಮದುವೆ ಗೊತ್ತಾಗಿದೆ. ಅವರ ಮನೆತನದಲ್ಲಿ ಧಾರೆಯ ದಿನ ಬೀಗರಿಬ್ಬರೂ ಎದುರುಬದುರು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ತಾಂಬೂಲ ಬದಲಾಯಿಸಿಕೊಳ್ಳಬೇಕು. ಆಮೇಲೆ ಹೆಣ್ಣಿನ ತಂದೆ ತಾನಾಗಿ ಎದ್ದು ನಿಂತು ಮಗಳ ಕೈಯನ್ನು ಬೀಗರ ಕೈಗೆ ಒಪ್ಪಿಸಬೇಕು. ಅವನಿಗೆ ಆಗದಿದ್ದರೆ ಆ ಶಾಸ್ತ್ರ ಅವನ ತಮ್ಮನಿಗೆ ಹೋಗುತ್ತದೆ.

ಈಗಿನ ಕಾಲದಲ್ಲಿ ಕುರ್ಚಿ ಹಾಕಿಕೊಂಡರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ನಿಶ್ಚಿತಾರ್ಥದ ದಿನ ಈ ಗೌಡರು ನೋವಿನ ಮಾತ್ರೆ ನುಂಗಿ ಹೇಗೋ ಕೆಳಗೆ ಕೂತಿದ್ದರು. ಕೂತ ಖುಷಿಯಲ್ಲಿ, ಮಂಟಪದಲ್ಲಿ ಸೋಫಾ ಹಾಕಿಸಿಕೊಳ್ಳುವವರನ್ನು ಗೇಲಿ ಮಾಡಿ, ನಮ್ಮ ಮನೆಯ ಧಾರೆ ನೆಲದ ಮೇಲೇ ಅಂತ ಎಲ್ಲರೆದುರು ಘೋಷಿಸಿಬಿಟ್ಟಿದ್ದರು. ಎದುರಿಗಿದ್ದ ಬೀಗರೂ ನಮ್ಮ ಮನೆಯದೂ ಅದೇ ಪದ್ಧತಿ ಅಂದಿದ್ದರು. ಅವತ್ತು ರಾತ್ರಿಯಿಂದ ಇವರ ಮಂಡಿ ಊದಿಕೊಂಡಿತ್ತು. ಇದನ್ನು ನೋಡಿದ ತಮ್ಮ, ‘ನಿನ್ ಕೈಲಾಗ್ದಿದ್ರೆ ನಾನ್ ಕೂರ್ತೀನಿ ಬುಡಣ್ಣ’ ಅಂದಿದ್ದನಂತೆ. ಒಳ್ಳೆಯ ಮಾತಿನಲ್ಲೇ ಅಂದಿದ್ದು. ಅದಕ್ಕೇ ಇವರಿಗೆ ಹೆಚ್ಚು ಉರಿದಿತ್ತು. ಚನ್ನರಾಯಪಟ್ಟಣದಲ್ಲಿ ತೋರಿಸಿಕೊಂಡರೆ ಊರಿನವರ ಕಣ್ಣಿಗೆ ಬೀಳುತ್ತೇನೆ ಅಂತ ಇಷ್ಟು ದೂರ ಬಂದಿದ್ದರು.

‘ಅವ್ಳು ಉಟ್ದಾಗ ಮೊದ್ಲು ಎತ್ಕಂಡೋನು ನಾನು ಸಾ’ ಅಂದರು. ಮಫ್ಲರ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದರು. ‘ಅವ್ಳ ಕೈಯ ಇನ್ನೊಬ್ಬ ಇಡ್ಕಂಡು ಕೊಡೋದ್ನ ನಾನ್ ಕುರ್ಚಿ ಮೇಲ್ ಕೂತು ನೋಡ್ಬೇಕಾ?’

ನಗಬೇಕು ಅಂತಲೇ ಕೂತಿದ್ದ ನನಗೆ ಆಗ ಮಾತ್ರ ನಗು ಬರಲಿಲ್ಲ. ಕರೆದುಕೊಂಡು ಹೋಗಿ ಡಾಕ್ಟರ ಮುಂದೆ ಕೂರಿಸಿದೆ. ಕೆಳಗೆ ಕೂರಬೇಡಿ ಅಂತ ಹೇಳುವುದೇ ನನ್ನ ಕೆಲಸ, ಕೂರುವುದಕ್ಕೆ ಸೂಜಿ ಕೇಳಿಕೊಂಡು ಬಂದವರು ನೀವೇ ಮೊದಲು ಅಂತ ಡಾಕ್ಟರು ಗೊಣಗಿದರು. ಕೊನೆಗೆ ಒಪ್ಪಿದರು. ಒಂದೇ ದಿನ, ಮಾರನೆ ದಿನದಿಂದ ಕುರ್ಚಿ. ಅಲ್ಲಿಯವರೆಗೆ ವಾರವಾರ ಕಸರತ್ತು.

ಸೂಜಿ ಹಾಕಿ ಆಯಿತು. ತೊಡೆ ಬಿಗಿ ಮಾಡುವುದರ ಜೊತೆಗೆ, ಕೂತಲ್ಲಿಂದ ಏಳುವುದನ್ನೂ ಬಿಡಿಬಿಡಿಯಾಗಿ ಕಲಿಸಿದೆ. ಪಕ್ಕಕ್ಕೆ ವಾಲಬೇಕು, ಅಂಗೈ ಊರಬೇಕು, ನೋವಿಲ್ಲದ ಕಾಲನ್ನು ಮುಂದಿಡಬೇಕು, ತೊಡೆ ಒತ್ತಿ ಏಳಬೇಕು. ಗೌಡರು ಕಲಿತರು. ಆದರೆ ನನ್ನ ರಾಗ ಇಲ್ಲದಿದ್ದರೆ ಮೊದಲು ಯಾವ ಕೈ, ಆಮೇಲೆ ಯಾವ ಕಾಲು ಅನ್ನುವುದು ಕಲೆಸಿಹೋಗುತ್ತಿತ್ತು.

ಮನೆಯಲ್ಲಿ ಏನು ಹೇಳಿ ಬರುತ್ತೀರಿ ಅಂತ ಒಂದು ಸಲ ಕೇಳಿದೆ. ಶೆಟ್ಟಿಹಳ್ಳಿಯ ಪಾಳುಬಿದ್ದ ಇಗರ್ಜಿ, ಅಂದರೆ ಹಳೇ ಚರ್ಚು, ಅಣೆಕಟ್ಟಿನ ಹಿನ್ನೀರಿನಲ್ಲಿ ಎಷ್ಟು ಮುಳುಗಿದೆ ನೋಡಿಕೊಂಡು ಬರುತ್ತೇನೆ ಅಂತ ಹೇಳುತ್ತಿದ್ದರಂತೆ. ವಾರ ವಾರ ಅದನ್ನೇ ಏನು ನೋಡುತ್ತೀರಿ ಅಂತ ಹೆಂಡತಿಗೆ ಅನುಮಾನ ಬಂದು, ಒಂದು ಗುರುವಾರ ನಾನೂ ಬರುತ್ತೇನೆ ಅಂತ ಕಾರು ಹತ್ತಿ ಕೂತರು. ಬೇರೆ ದಾರಿಯಿಲ್ಲದೆ ಗೌಡರು ನಿಜವಾಗಿಯೂ ಶೆಟ್ಟಿಹಳ್ಳಿಗೆ ಹೋಗಿ, ಆಕೆಯ ಹಿಂದೆ ಹಿನ್ನೀರಿನ ಅಂಚಿನುದ್ದಕ್ಕೂ ನಡೆದಿದ್ದಾರೆ. ಹೆಂಡತಿಗೆ ಜಾಗ ಬಹಳ ಹಿಡಿಸಿತು. ಮುಂದಿನ ವಾರ ತಂಗಿಯರನ್ನೂ ಕರೆತರೋಣ ಅಂದರಂತೆ.

ಕರು ಕೊಳ್ಳುವ ಬೀಗರು

ಇದಾದ ಸ್ವಲ್ಪ ದಿನಕ್ಕೆ ಚನ್ನರಾಯಪಟ್ಟಣದಲ್ಲಿ ಒಂದು ಶನಿವಾರ ಇನ್ನೊಬ್ಬ ಯಜಮಾನರು ಬಂದರು. ಇವರು ಮಫ್ಲರ್ ಬದಲು ಮಂಕಿ ಟೋಪಿ ಹಾಕಿದ್ದರು. ಊರು ಯಾವುದು ಅಂದರೆ ಅರಕಲಗೂಡು ಕಡೆ, ಶುಂಠಿ ಬೆಳೆಯುತ್ತೇವೆ ಅಂದರು. ಅರಕಲಗೂಡಿಗೆ ಗುರುವಾರ ನಾವೇ ಬರುತ್ತೇವಲ್ಲ ಅಂದೆ. ಅವರೂ ಬಾಗಿಲು ಮುಚ್ಚಿ ಬಂದು ಕೂತರು.

ಮಗನ ಮದುವೆಯಂತೆ. ಹೆಣ್ಣಿನ ಕಡೆಯವರು ಹಿರೀಸಾವೆ ಹತ್ತಿರದವರಂತೆ. ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

‘ನಮ್ ಬೀಗ್ರು ಒಳ್ಳೇ ಕಂಬ ಇದ್ದಂಗವ್ರೆ ಸಾ’ ಅಂತ ಶುರು ಮಾಡಿದರು. ‘ನಿಶ್ಚಿತಾರ್ಥದಲ್ಲಿ ಅಂಗೇ ಸರಕ್ಕನೆ ಕೂತ್ಬುಟ್ರು. ಕುರ್ಚಿ ಕೇಳೋರ್ನ ಕಂಡ್ರೆ ಅವ್ರಿಗಾಗಕಿಲ್ಲ. ಅವ್ರ ಮುಂದೆ ನಾನೆಂಗ್ ಕುರ್ಚಿ ಕೇಳ್ಲಿ?’

ಅವತ್ತು ಇವರೂ ಮಾತ್ರೆ ನುಂಗಿಯೇ ಕೂತಿದ್ದರು. ಹೆಣ್ಣಿನ ತಂದೆ ಎದ್ದು ಮಗಳನ್ನು ಒಪ್ಪಿಸುವಾಗ ಗಂಡಿನ ತಂದೆ ಕೆಳಗೇ ಕೂತಿದ್ದರೆ ಅವಮಾನವಾದೀತು ಅನ್ನುವುದು ಇವರ ಚಿಂತೆ. ಅರಕಲಗೂಡಿನಲ್ಲಿ ತೋರಿಸಿಕೊಂಡರೆ ಸುದ್ದಿ ಬೀಗರ ಕಿವಿಗೆ ಬಿದ್ದೇ ಬೀಳುತ್ತದೆ, ಅದಕ್ಕೇ ಇಲ್ಲಿಗೆ ಬಂದೆ ಅಂದರು. ಬೀಗರ ತಾಲೂಕಿಗೇ ಬಂದು ಬಚ್ಚಿಟ್ಟುಕೊಂಡಿದ್ದೀರಲ್ಲ ಅಂದೆ. ಅವರ ಕಡೆಯವರಿಗೆ ಮಂಡಿನೋವೇ ಇಲ್ಲವಲ್ಲ ಸಾ, ಇಲ್ಲಿಗೆ ಯಾಕೆ ಬರುತ್ತಾರೆ ಅಂದರು.

ನಿಮ್ಮ ಬೀಗರು ಮೊನ್ನೆ ಗುರುವಾರ ತಾನೇ ಇದೇ ಮರಳಿನ ಪಟ್ಟಿಯನ್ನು ಕಾಲಿಗೆ ಕಟ್ಟಿಕೊಂಡಿದ್ದರು ಅನ್ನುವ ಮಾತು ನನ್ನ ನಾಲಗೆಯ ತುದಿಗೆ ಬಂದು ಕೂತಿತು. ಬಂದವರ ಗುಟ್ಟು ಹೇಳುವ ಹಾಗಿಲ್ಲ. ನನ್ನಂಥ ಬಾಯಿಬಡುಕನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ವಾಪಸು ಬರುವಾಗ ಕಾರಿನಲ್ಲಿ ಡಾಕ್ಟರ ಮುಖ ನೋಡಿದೆ. ಅವರೂ ನನ್ನ ಮುಖ ನೋಡಿದರು. ಇಬ್ಬರೂ ಹಾಸನದವರೆಗೆ ಕಾರಣ ಹೇಳದೆ ನಕ್ಕೆವು.

ಇವರಿಗೂ ಸೂಜಿಯಾಯಿತು. ಅದೇ ಕಸರತ್ತು, ಏಳುವ ಅದೇ ಪಾಠ, ಅದೇ ರಾಗ. ಮನೆಯಲ್ಲಿ ಇವರು ಹೇಳಿದ್ದ ನೆಪ ಕರುವಿನದು. ಚನ್ನರಾಯಪಟ್ಟಣದ ಕಡೆ ಜಿನನಾಥಪುರದಲ್ಲಿ ಒಂದು ಒಳ್ಳೇ ಕರು ಇದೆ, ವ್ಯಾಪಾರ ಕುದುರಿಸಿ ಬರುತ್ತೇನೆ ಅಂತ ಹೊರಡುತ್ತಿದ್ದರು. ಶನಿವಾರಗಳು ಕಳೆದವು, ಕರು ಮಾತ್ರ ಮನೆಗೆ ಬರಲಿಲ್ಲ. ಒಂದು ಕರು ಕೊಳ್ಳಲಾರದವನು ಮಗನ ಮದುವೆ ಹೇಗೆ ಮಾಡುತ್ತಾನೆ ಅಂತ ಹೆಂಡತಿ ಊರೆಲ್ಲ ಆಡಿಕೊಳ್ಳತೊಡಗಿದ ಮೇಲೆ, ಒಂದು ದಿನ ಕಸರತ್ತು ಮುಗಿಸಿದವರೇ ಜಿನನಾಥಪುರಕ್ಕೆ ಹೋಗಿ, ಕೈಗೆ ಸಿಕ್ಕಿದ ಕರುವನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೋದರು.

ಮುಂದಿನ ವಾರ ಬಂದು, ‘ಮಂಡಿನೋವಿಗೆ ಕರ ತಂದೋನು ಈ ಜಿಲ್ಲೇಲಿ ನಾನೊಬ್ನೇ ಕಣ್ ಸಾ’ ಅಂದರು.

ಬೀಗರು ಮೊದಲು ಏಳಲಿ

ಮದುವೆ ಚನ್ನರಾಯಪಟ್ಟಣದ ಕಲ್ಯಾಣ ಮಂಟಪದಲ್ಲಿ. ಎರಡೂ ಕಡೆಯಿಂದ ನನಗೆ ಕರೆ ಬಂತು, ಎರಡೂ ಕಡೆಯಿಂದ ಒಂದೊಂದು ಷರತ್ತೂ ಬಂತು. ಯಾರಾದರೂ ಕೇಳಿದರೆ ತೆಂಗಿನಕಾಯಿ ವ್ಯಾಪಾರದವನು ಅನ್ನಬೇಕು ಅಂತ ಹಿರೀಸಾವೆ ಗೌಡರು ಹೇಳಿದ್ದರು. ಶುಂಠಿ ವ್ಯಾಪಾರದವನು ಅನ್ನಬೇಕು ಅಂತ ಅರಕಲಗೂಡಿನ ಬೀಗರು ಹೇಳಿದ್ದರು. ಡಾಕ್ಟರು ಜಾಣರು, ಹಾಸನದಲ್ಲಿ ಕೆಲಸವಿದೆ ಅಂತ ತಪ್ಪಿಸಿಕೊಂಡರು.

ತಿಂಡಿಯ ಪಂಕ್ತಿಯಲ್ಲಿ ಪಕ್ಕದವರೊಬ್ಬರು ಏನು ಮಾಡ್ಕೊಂಡಿದ್ದೀರಿ ಅಂದರು. ತೆಂಗಿನಕಾಯಿ ವ್ಯಾಪಾರ ಅಂದೆ. ಮಂಟಪದೊಳಗೆ ಗಂಡಿನ ಕಡೆಯವರ ಸಾಲಿನಲ್ಲಿ ಕೂತಾಗ ಹಿಂದಿನಿಂದ ಯಾರೋ ಅದನ್ನೇ ಕೇಳಿದರು. ಶುಂಠಿ ಅಂತ ಹೇಳಿ ತಿರುಗಿ ನೋಡಿದರೆ ಅದೇ ಮನುಷ್ಯ. ಉಪ್ಪಿಟ್ಟು ತಿಂದು ಕೈ ತೊಳೆಯುವಷ್ಟರಲ್ಲಿ ವ್ಯಾಪಾರ ಬದಲಾಯಿಸಿದವನನ್ನು ಆತ ಬಹಳ ಗೌರವದಿಂದ ನೋಡಿದರು.

ಅಷ್ಟರಲ್ಲಿ ಸಭೆಯ ಕಡೆ ಕಣ್ಣು ಹಾಯಿಸಿ ಬೆವರಿದೆ. ನಮ್ಮ ಜಿಲ್ಲೆಯಲ್ಲಿ ಯಾರ ಮದುವೆಗೆ ಯಾರು ನೆಂಟರಲ್ಲ? ಹೊಳೆನರಸೀಪುರದ ಅತ್ತೆ ಸೊಸೆ ಮುಂದಿನ ಸಾಲಿನಲ್ಲೇ ಇದ್ದರು. ಹುಂಜದ ಯಜಮಾನರು ಕಂಬದ ಪಕ್ಕ ಕೂತಿದ್ದರು. ಎಲ್ಲಿ ನೋಡಿದರೂ ನಾನು ಎತ್ತಿ ಇಳಿಸಿದ್ದ ಕಾಲುಗಳೇ. ಅಜ್ಜಿ ನನ್ನನ್ನು ನೋಡಿ ಬಾಯಿ ತೆರೆದರು, ನಾನು ಕೈ ಮುಗಿದೆ. ಆಕೆಗೆ ಏನು ಅರ್ಥವಾಯಿತೋ, ಸುಮ್ಮನೆ ಕಣ್ಣು ಮಿಟುಕಿಸಿದರು.

ಧಾರೆ ಶುರುವಾಯಿತು. ಹಿರೀಸಾವೆ ಗೌಡರು ಚಾಪೆಯ ಮೇಲೆ ಕೂತರು. ಎದುರಿಗೆ ಬೀಗರು ಕೂತರು. ಇಬ್ಬರೂ ಕೂತ ರೀತಿ ಕಂಡು ನನ್ನ ಎದೆ ಉಬ್ಬಿತು. ಗೌಡರ ಹಿಂದೆ ಅವರ ತಮ್ಮ ಹೊಸ ಪಂಚೆ ಉಟ್ಟು, ಬೇಕಾದರೆ ಇರಲಿ ಅನ್ನುವ ಹಾಗೆ ತಯಾರಾಗಿ ನಿಂತಿದ್ದ. ಪುರೋಹಿತರು ಮಂತ್ರವನ್ನು ಸಾವಕಾಶವಾಗಿ ಹೇಳುವವರು. ಹಾಲು ಎರೆದದ್ದಾಯಿತು, ತಾಂಬೂಲ ಬದಲಾಯಿಸಿದ್ದಾಯಿತು. ಇನ್ನು ಎದ್ದು ನಿಂತು ಹೆಣ್ಣು ಒಪ್ಪಿಸಿ ಅಂದರು ಪುರೋಹಿತರು.

ಗೌಡರು ಏಳಲಿಲ್ಲ. ನಗುನಗುತ್ತಾ ಎದುರಿಗೆ ಕೈ ತೋರಿಸಿ, ‘ಬೀಗ್ರು ಮೊದ್ಲು ಏಳ್ಲಿ’ ಅಂದರು.

ಬೀಗರೂ ಏಳಲಿಲ್ಲ. ಎಲ್ಲಾದರೂ ಉಂಟೇ, ಹೆಣ್ಣು ಕೊಡುವವರು ದೊಡ್ಡವರು, ಅವರೇ ಮೊದಲು ಅಂದರು. ಗೌಡರು, ಮನೆಗೆ ಬಂದ ಬೀಗರಿಗಿಂತ ಮೊದಲು ಏಳುವುದು ನಮ್ಮ ವಂಶದಲ್ಲೇ ಇಲ್ಲ ಅಂದರು. ಬೀಗರು ಅದಕ್ಕೂ ಮೀರಿದ ವಿನಯ ತೋರಿಸಿದರು. ಸಭೆಗೆ ಸಂತೋಷವೋ ಸಂತೋಷ. ಈ ಕಾಲದಲ್ಲೂ ಇಂಥ ಮರ್ಯಾದಸ್ಥರು ಇದ್ದಾರಲ್ಲ ಅಂತ ನನ್ನ ಪಕ್ಕದವರು ಕಣ್ಣೊರೆಸಿಕೊಂಡರು. ಫೋಟೋದವನು ಇಬ್ಬರ ಮರ್ಯಾದೆಯನ್ನೂ ಹತ್ತಿರದಿಂದ ತೆಗೆದುಕೊಂಡ. ನನಗೆ ಮಾತ್ರ ಗೌಡರ ಹಣೆಯ ಬೆವರು ಕಾಣುತ್ತಿತ್ತು. ಸೂಜಿ ನೋವನ್ನು ತಡೆದಿತ್ತು, ತೊಡೆಯಲ್ಲಿ ಶಕ್ತಿಯೂ ಇತ್ತು. ಆದರೆ ಗಾಬರಿಯಲ್ಲಿ ಯಾವ ಕೈ ಮೊದಲು, ಯಾವ ಕಾಲು ಆಮೇಲೆ ಅನ್ನುವುದು ಇಬ್ಬರಿಗೂ ಮರೆತುಹೋಗಿತ್ತು.

ಮದುಮಗಳು ಅಪ್ಪನ ಮುಖ ನೋಡುತ್ತಾ ನಿಂತಿದ್ದಳು. ತಮ್ಮ ಒಂದು ಹೆಜ್ಜೆ ಮುಂದೆ ಬಂದು, ‘ಬುಡಣ್ಣ, ನಾನ್ ಒಪ್ಪುಸ್ತೀನಿ’ ಅಂದ.

ಗೌಡರು ಸಭೆಯಲ್ಲಿ ನನ್ನನ್ನು ಹುಡುಕಿದರು. ಅವರ ಕಣ್ಣು ನನ್ನ ಮೇಲೆ ಬಂದು ನಿಂತಿತು. ತೆಂಗೂ ಮರೆತೆ, ಶುಂಠಿಯೂ ಮರೆತೆ. ಎದ್ದು ನಿಂತು, ಕ್ಲಿನಿಕ್ಕಿನ ಗಂಟಲಿನಲ್ಲೇ ಕೂಗಿದೆ.

‘ಬಿಗೀ... ಹಿಡೀ... ಬಿಡೀ. ಪಕ್ಕಕ್ ವಾಲಿ. ಅಂಗೈ ಊರಿ. ಕಾಲು ಮುಂದೆ. ತೊಡೆ ಒತ್ತಿ. ಏಳಿ.’

ಬೀಗರಿಬ್ಬರೂ ಒಟ್ಟಿಗೆ ವಾಲಿದರು. ಇಬ್ಬರೂ ಒಟ್ಟಿಗೆ ಅಂಗೈ ಊರಿ, ಕಾಲು ಮುಂದಿಟ್ಟು, ಹಿಡಿದುಕೊಳ್ಳುವವರಿಲ್ಲದೆ ಎದ್ದು ನಿಂತರು. ಅದೇ ಹೊತ್ತಿಗೆ ಸಭೆಯಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ, ವಯಸ್ಸಾದವರೆಲ್ಲ ಕಾಲು ನೆಟ್ಟಗೆ ಚಾಚಿಕೊಂಡು ತೊಡೆ ಬಿಗಿ ಮಾಡಿದ್ದರು. ಹೊಳೆನರಸೀಪುರದ ಅಜ್ಜಿಯ ಕಾಲು ಎಲ್ಲರಿಗಿಂತ ಮೇಲಿತ್ತು. ಹುಂಜದ ಯಜಮಾನರಂತೂ ಕಾಲೆತ್ತಿದವರೇ ಅಭ್ಯಾಸಬಲದಿಂದ ಎರಡು ಸಲ ಜಾಡಿಸಿಬಿಟ್ಟರು.

ಗೌಡರು ಯಾರ ಕಡೆಯೂ ನೋಡಲಿಲ್ಲ. ಮಗಳ ಕೈ ಹಿಡಿದು ಬೀಗರ ಕೈಯ ಮೇಲಿಟ್ಟರು. ಮಗಳು ಅಳುತ್ತಿದ್ದಳು, ಅವರೂ ಅಳುತ್ತಿದ್ದರು, ನಾನು ಕರ್ಚೀಫು ಹುಡುಕುತ್ತಿದ್ದೆ. ತಮ್ಮ ಬಂದು ಅಣ್ಣನ ಕಾಲಿಗೆ ನಮಸ್ಕಾರ ಮಾಡಿದ. ಕೈ ಒಪ್ಪಿಸಿ ಆದ ಮೇಲೆ ಬೀಗರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

‘ನೀವು ಯಾವೂರಲ್ ತೋರ್ಸಿದ್ದು ಬೀಗ್ರೇ?’ ಅಂದರು ಗೌಡರು, ಮೆಲ್ಲಗೆ.

‘ನಿಮ್ಮೂರಲ್ಲೇ, ಚನ್ರಾಯಪಟ್ಣದಲ್ಲಿ. ನೀವು?’

‘ನಿಮ್ ಅರಕಲಗೂಡಲ್ಲಿ.’

ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ನಗತೊಡಗಿದರು. ಏನಕ್ಕೆ ಅಂತ ಗೊತ್ತಿದ್ದವರೂ ಗೊತ್ತಿಲ್ಲದವರೂ ಸೇರಿ ಇಡೀ ಮಂಟಪ ನಕ್ಕಿತು. ಓಲಗದವರು ಬಾಯಿ ಬಿಟ್ಟುಕೊಂಡು ನಕ್ಕಿದ್ದರಿಂದ ವಾದ್ಯ ನಿಂತೇ ಹೋಯಿತು.

ನಗು ತಗ್ಗುತ್ತಿದ್ದಂತೆ ಕೆಳಗಿನಿಂದ ಒಂದು ದನಿ ಕೇಳಿಸಿತು. ಎಲ್ಲರೂ ಬಗ್ಗಿ ನೋಡಿದೆವು. ಬೆಳಗಿನಿಂದ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ಪುರೋಹಿತರು ಕೂತಲ್ಲೇ ಇದ್ದರು. ಒಂದು ಅಂಗೈ ಊರಿಕೊಂಡು, ಸಭೆಯ ಕಡೆ ಕತ್ತು ಚಾಚಿ, ನನ್ನನ್ನೇ ಹುಡುಕುತ್ತಿದ್ದರು.

‘ಸ್ವಾಮಿ, ಅಂಗೈ ಊರಿದ್ದಾಯ್ತು’ ಅಂದರು. ‘ಆಮೇಲಿಂದು ಇನ್ನೊಂದು ಸಲ ಹೇಳಿ.’